ಚಾಮುಂಡಿ ಬೆಟ್ಟ ಹಿಂದೆ ಜ್ವಾಲಾಮುಖಿಯಾಗಿತ್ತೇ? ಮಕ್ಕಳ ಪ್ರಶ್ನೆಗೆ ಸರಿಯಾದ ಉತ್ತರ ಬೇಕಾಗಿದೆ

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಮಂಡ್ಯ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಕಳೆದ ತಿಂಗಳು ಒಂಬತ್ತನೆಯ ತರಗತಿಯ ಮಕ್ಕಳನ್ನು ಮೈಸೂರಿಗೆ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ನಂದಿಯ ಬಳಿ ದಣಿವಾರಿಸಿಕೊಳ್ಳಲು ಕುಳಿತಿದ್ದೆವು. ಆಗ ಒಬ್ಬ ಹುಡುಗ, "ಮಿಸ್, ಈ ಬೆಟ್ಟ ಮುಂಚೆ ಜ್ವಾಲಾಮುಖಿ ಆಗಿತ್ತಂತೆ, ನಿಜವಾ? ಮತ್ತೆ ಸಿಡೀತದಾ?" ಎಂದು ಕೇಳಿದ. ಎಲ್ಲೋ ಒಂದು ವಿಡಿಯೊದಲ್ಲಿ ನೋಡಿದನಂತೆ. ಇಲ್ಲ ಎಂದು ಹೇಳಿದೆನಾದರೂ ಏಕೆ ಇಲ್ಲ ಎಂಬುದನ್ನು ವಿವರಿಸಲು ನನ್ನಿಂದಾಗಲಿಲ್ಲ.

ಊರಿಗೆ ಮರಳಿದ ಮೇಲೆ ಪಠ್ಯಪುಸ್ತಕವನ್ನು ಮತ್ತೆ ತೆರೆದು ನೋಡಿದೆ. ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಎಂಬ ಚಿತ್ರವಿದೆ. ಮ್ಯಾಂಟಲ್‌ಗೆ ಕೆಂಪು ಬಣ್ಣ ಬಳಿದಿದ್ದಾರೆ. ಅದನ್ನು ನೋಡಿದ ಮಕ್ಕಳೆಲ್ಲ ನಮ್ಮ ಕಾಲ ಕೆಳಗೆ ಸ್ವಲ್ಪ ಆಳಕ್ಕೆ ಹೋದರೆ ಬೆಂಕಿಯ ಸಮುದ್ರವೇ ಇದೆ ಎಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ನಾನೂ ಇಷ್ಟು ವರ್ಷ ಹಾಗೆಯೇ ತಿಳಿದಿದ್ದೆ. ಹಾಗಿದ್ದರೆ ಜ್ವಾಲಾಮುಖಿಗಳು ಎಲ್ಲ ಕಡೆಯೂ ಏಕಿಲ್ಲ? ಕೆಲವು ಜ್ವಾಲಾಮುಖಿಗಳಿಂದ ಲಾವಾರಸ ನದಿಯಂತೆ ಹರಿಯುತ್ತದೆ, ಕೆಲವು ಬೆಟ್ಟವನ್ನೇ ಸೀಳಿಕೊಂಡು ಸಿಡಿಯುತ್ತವೆ, ಈ ವ್ಯತ್ಯಾಸ ಎಲ್ಲಿಂದ ಬಂತು? 2025ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಸಿಡಿದಾಗ ಅದರ ಬೂದಿ ಉತ್ತರ ಭಾರತದ ಆಕಾಶದವರೆಗೂ ಬಂದು ವಿಮಾನಗಳು ರದ್ದಾದವು. ಅಷ್ಟು ದೂರದ ಬೆಟ್ಟವೊಂದು ನಮ್ಮ ಮಳೆ ಬೆಳೆಯ ಮೇಲೂ ಪರಿಣಾಮ ಬೀರಬಲ್ಲದೇ? ತಿಳಿದವರು ಬಿಡಿಸಿ ಹೇಳಿದರೆ ಮುಂದಿನ ವಾರ ಮಕ್ಕಳಿಗೆ ಸರಿಯಾಗಿ ಪಾಠ ಮಾಡುತ್ತೇನೆ.

ಉತ್ತರ: ನಿವೃತ್ತ ಭೂವಿಜ್ಞಾನ ಅಧ್ಯಾಪಕ, ಮೈಸೂರು

ಮೇಡಂ, ಚಾಮುಂಡಿ ಬೆಟ್ಟ ಜ್ವಾಲಾಮುಖಿಯಲ್ಲ, ಎಂದೂ ಆಗಿರಲೂ ಇಲ್ಲ. ಆದರೂ ಆ ಹುಡುಗನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅವನು ಕುಳಿತಿದ್ದ ಬಂಡೆ ಒಂದು ಕಾಲದಲ್ಲಿ ಕರಗಿದ ಶಿಲಾಪಾಕವೇ ಆಗಿತ್ತು. ಸುಮಾರು 80 ಕೋಟಿ ವರ್ಷಗಳ ಹಿಂದೆ ಆಳದಿಂದ ಮೇಲೇರಿದ ಆ ಪಾಕ ನೆಲದ ಮೇಲಕ್ಕೆ ಬರಲಾಗದೆ, ಸುತ್ತಲಿನ ಹಳೆಯ ಶಿಲೆಗಳ ನಡುವೆಯೇ ಸಿಕ್ಕಿಕೊಂಡು, ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಮೇಲಿದ್ದ ಶಿಲೆಯ ಹೊದಿಕೆ ಕೋಟ್ಯಂತರ ವರ್ಷಗಳ ಮಳೆ, ಗಾಳಿ, ಬಿಸಿಲಿಗೆ ಸವೆದು ಹೋದ ಮೇಲೆ, ಸುಲಭವಾಗಿ ಸವೆಯದ ಈ ಗ್ರಾನೈಟ್ ಮಾತ್ರ ಬೆಟ್ಟವಾಗಿ ಉಳಿಯಿತು. ಆದ್ದರಿಂದ ಬೆಟ್ಟದ ಆಕಾರವನ್ನು ಮಾಡಿದ್ದು ಸಿಡಿತವಲ್ಲ, ಸವೆತ.

ಇದಕ್ಕೆ ಸಾಕ್ಷಿ ಕಲ್ಲಿನಲ್ಲಿಯೇ ಇದೆ. ಒಡೆದ ಹೊಸ ಮುಖವಿರುವ ಕಲ್ಲೊಂದನ್ನು ಮಕ್ಕಳ ಕೈಗೆ ಕೊಡಿ. ಗಾಜಿನಂತೆ ಹೊಳೆಯುವ ಬೆಣಚಿನ ಹರಳು, ನಸುಗೆಂಪು ಅಥವಾ ಬಿಳಿಯ ಫೆಲ್ಡ್‌ಸ್ಪಾರ್, ನಡುನಡುವೆ ನಮ್ಮ ಜನ ಕಾಗೆಬಂಗಾರ ಎನ್ನುವ ಅಭ್ರಕದ ಕಪ್ಪು ಚುಕ್ಕೆ, ಇವೆಲ್ಲ ಬರಿಗಣ್ಣಿಗೇ ಕಾಣುತ್ತವೆ. ಕಲ್ಲುಸಕ್ಕರೆ ಕಟ್ಟುವುದನ್ನು ನೋಡಿದವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ: ಪಾಕ ಅಲುಗಾಡದೆ ನಿಧಾನವಾಗಿ ಆರಿದರೆ ಹರಳು ದೊಡ್ಡದಾಗುತ್ತದೆ. ನೆಲದ ಮೇಲೆ ಹರಿದ ಲಾವಾರಸ ಬೇಗ ಆರುವುದರಿಂದ ಅದರ ಹರಳುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗುತ್ತವೆ. ತೀರ ಬೇಗ ಆರಿದರೆ ಹರಳೇ ಕಟ್ಟದೆ ಗಾಜಾಗುತ್ತದೆ. ಬೀದರ್, ಕಲಬುರಗಿ, ವಿಜಯಪುರದ ಕಡೆಯ ಕಪ್ಪು ಬಸಾಲ್ಟ್ ಕಲ್ಲನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡರ ವ್ಯತ್ಯಾಸ ಮಗುವಿಗೂ ತಿಳಿಯುತ್ತದೆ.

ಇನ್ನು ಬೆಂಕಿಯ ಸಮುದ್ರದ ವಿಷಯ. ಜ್ವಾಲಾಮುಖಿ, ಅಗ್ನಿಪರ್ವತ ಎಂಬ ನಮ್ಮ ಎರಡೂ ಹೆಸರುಗಳು ಬೆಂಕಿಯನ್ನೇ ನೆನಪಿಗೆ ತರುತ್ತವೆ. ವಾಸ್ತವವಾಗಿ ಅಲ್ಲಿ ಯಾವುದೂ ಉರಿಯುತ್ತಿರುವುದಿಲ್ಲ. ಶಿಲೆ ಕರಗಿ, ಕಾಸಿದ ಕಬ್ಬಿಣದಂತೆ ಕೆಂಪಗೆ ಬೆಳಗುತ್ತಿರುತ್ತದೆ, ಅಷ್ಟೇ. ಅದಕ್ಕಿಂತ ಮುಖ್ಯವಾದದ್ದು, ಮ್ಯಾಂಟಲ್ ದ್ರವವಲ್ಲ, ಘನ. ಭೂಕಂಪದ ಅಲೆಗಳಲ್ಲಿ ಅಡ್ಡಡ್ಡ ಅಲುಗುತ್ತ ಸಾಗುವ ಒಂದು ಬಗೆಯಿದೆ. ಅದು ದ್ರವದಲ್ಲಿ ಸಾಗಲಾರದು. ಆ ಅಲೆಗಳು ಸುಮಾರು 2,900 ಕಿ.ಮೀ. ದಪ್ಪದ ಮ್ಯಾಂಟಲ್ಲನ್ನು ಹಾದು ಬರುತ್ತವೆ, ಹೊರ ಕೇಂದ್ರಗೋಳದಲ್ಲಿ ಮಾತ್ರ ನಿಂತುಹೋಗುತ್ತವೆ. ಪಠ್ಯಪುಸ್ತಕದ ಕೆಂಪು ಬಣ್ಣ ಬಿಸಿಯನ್ನು ಸೂಚಿಸುತ್ತದೆಯೇ ಹೊರತು ಕರಗಿರುವುದನ್ನಲ್ಲ. ಬಿಸಿಯಂತೂ ನಿಜ. ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿಯ ಬಂಡೆ 60 ಡಿಗ್ರಿಗಿಂತಲೂ ಬಿಸಿಯಾಗಿರುತ್ತಿತ್ತು. ಭೂಮಿ ಹುಟ್ಟಿದಾಗಿನ ಕಾವು ಒಂದು ಕಡೆ, ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಧಾತುಗಳ ವಿಕಿರಣದಿಂದ ಇಂದಿಗೂ ಹುಟ್ಟುತ್ತಿರುವ ಕಾವು ಇನ್ನೊಂದು ಕಡೆ, ಇವೆರಡೂ ಸೇರಿ ಒಳಗನ್ನು ಬಿಸಿಯಾಗಿಟ್ಟಿವೆ.

ಅಷ್ಟು ಬಿಸಿಯಿದ್ದೂ ಶಿಲೆ ಕರಗದಿರಲು ಮೇಲಿನ ಒತ್ತಡ ಕಾರಣ. ಕುಕ್ಕರಿನೊಳಗಿನ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುವುದು ಒತ್ತಡದಿಂದ. ಹಾಗೆಯೇ ಆಳದಲ್ಲಿ ಶಿಲೆಯ ಕರಗುವ ಬಿಂದು ಏರಿರುತ್ತದೆ. ಆದ್ದರಿಂದ ಶಿಲೆ ಕರಗಬೇಕಾದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯಬೇಕು. ಒಂದೋ ಒತ್ತಡ ಇಳಿಯಬೇಕು, ಇಲ್ಲವೇ ನೀರು ಸೇರಬೇಕು. ಸಾಗರದ ನಡುವೆ ಭೂಫಲಕಗಳು, ಎಂದರೆ ಭೂಮಿಯ ಗಟ್ಟಿ ಹೊರಪದರದ ದೊಡ್ಡ ತುಂಡುಗಳು, ಪರಸ್ಪರ ದೂರ ಸರಿಯುವಲ್ಲಿ ಕೆಳಗಿನ ಬಿಸಿ ಶಿಲೆ ಮೇಲೇರುತ್ತದೆ. ಒತ್ತಡ ಕಡಿಮೆಯಾದಂತೆ ಅದರ ಒಂದು ಪಾಲು ಕರಗುತ್ತದೆ. ಐಸ್‌ಲ್ಯಾಂಡ್ ಇರುವುದು ಇಂಥ ಬಿರುಕಿನ ಮೇಲೆಯೇ. ಹವಾಯಿ ಮತ್ತು ರಿಯೂನಿಯನ್ ದ್ವೀಪಗಳಲ್ಲಿ ಫಲಕದ ನಡುವೆಯೇ ಆಳದಿಂದ ಬಿಸಿ ಶಿಲೆಯ ಕಂಬ ಏರಿ ಬರುತ್ತದೆ. ಇಂದು ರಿಯೂನಿಯನ್ ಕೆಳಗಿರುವ ಈ ಬಿಸಿ ನೆಲೆಯ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಮ್ಮ ಭಾರತದ ಫಲಕ ಹಾದು ಹೋಗುತ್ತಿದ್ದಾಗಲೇ ದಖ್ಖನ್ನಿನ ಲಾವಾ ಪದರಗಳು ಹರಡಿದವು. ಇಂದಿಗೂ ಅವು ಸುಮಾರು 5 ಲಕ್ಷ ಚದರ ಕಿ.ಮೀ. ಆವರಿಸಿವೆ.

ನೀರು ಸೇರುವುದು ಬೇರೆ ಬಗೆ. ಸಾಗರದ ಫಲಕವು ಇನ್ನೊಂದು ಫಲಕದ ಅಡಿಗೆ ಜಾರುವಾಗ, ತನ್ನ ಖನಿಜಗಳಲ್ಲಿ ಹಿಡಿದಿಟ್ಟಿದ್ದ ನೀರನ್ನು ಸುಮಾರು 100 ಕಿ.ಮೀ. ಆಳದಲ್ಲಿ ಬಿಟ್ಟುಕೊಡುತ್ತದೆ. ಗಟ್ಟಿ ಬೆಲ್ಲದ ಅಚ್ಚನ್ನು ಒಣ ಬಾಣಲೆಯಲ್ಲಿಟ್ಟರೆ ಕರಗುವ ಮೊದಲೇ ತಳ ಹಿಡಿಯುತ್ತದೆ. ಒಂದು ಸೌಟು ನೀರು ಹಾಕಿದರೆ ಸಣ್ಣ ಉರಿಯಲ್ಲೇ ಪಾಕವಾಗುತ್ತದೆ. ಶಿಲೆಯೂ ನೀರು ಸೇರಿದಾಗ ಕಡಿಮೆ ಶಾಖದಲ್ಲಿ ಕರಗುತ್ತದೆ. ಜಪಾನ್, ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಆಂಡಿಸ್ ಪರ್ವತಶ್ರೇಣಿ, ಎಲ್ಲೆಡೆಯೂ ಇದೇ ಕಥೆ. ನಮ್ಮ ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿಯಾದ ಅಂಡಮಾನಿನ ಬ್ಯಾರನ್ ದ್ವೀಪವೂ ಇಂಥದ್ದೇ ಜಾಗದಲ್ಲಿದೆ. ಬಹುಕಾಲ ಸುಮ್ಮನಿದ್ದ ಅದು 1991ರಲ್ಲಿ ಮತ್ತೆ ಎಚ್ಚರಗೊಂಡಿತು.

ಮೈಸೂರು ಮಂಡ್ಯ ಸೀಮೆ ಯಾವ ಫಲಕದ ಅಂಚಿನಲ್ಲಿಯೂ ಇಲ್ಲ, ಬಿಸಿ ನೆಲೆಯ ಮೇಲೆಯೂ ಇಲ್ಲ. ಇಲ್ಲಿಯ ತಳಶಿಲೆಯಾದ ನೈಸ್ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು, ದಪ್ಪ, ತಣ್ಣನೆಯದು. ಬೆಟ್ಟ ಸಿಡಿಯುವುದಿಲ್ಲ ಎಂದು ಆ ಹುಡುಗನಿಗೆ ನೀವು ಧೈರ್ಯವಾಗಿ ಹೇಳಬಹುದು.

ಉತ್ತರ: ಆಲೆಮನೆ ನಡೆಸುವವರು, ಪಾಂಡವಪುರ

ಗುರುಗಳು ಬೆಲ್ಲದ ಉದಾಹರಣೆ ಕೊಟ್ಟಿದ್ದರಿಂದ ನಾನೂ ಬರೆಯುವ ಧೈರ್ಯ ಮಾಡುತ್ತಿದ್ದೇನೆ. ನಾನು ಕೃಷಿ ಪದವಿ ಓದಿ, ಅಪ್ಪನ ಆಲೆಮನೆಯನ್ನೇ ಮುಂದುವರಿಸಿದವನು. ಹರಿಯುವುದಕ್ಕೂ ಸಿಡಿಯುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಬೇಕೆಂದರೆ ಒಮ್ಮೆ ಕೊಪ್ಪರಿಗೆಯ ಹತ್ತಿರ, ಸುರಕ್ಷಿತ ದೂರದಲ್ಲಿ, ನಿಲ್ಲಿಸಿದರೆ ಸಾಕು. ಕಬ್ಬಿನ ಹಾಲು ತೆಳ್ಳಗಿರುವಾಗ ಎಷ್ಟೇ ಕುದಿದರೂ ಆವಿಯ ಗುಳ್ಳೆಗಳು ತಾವಾಗಿಯೇ ಮೇಲೆ ಬಂದು ಒಡೆದು ಹೋಗುತ್ತವೆ. ಅದೇ ಹಾಲು ಇಂಗಿ ಪಾಕದ ಹದಕ್ಕೆ ಬಂದಾಗ ಗುಳ್ಳೆಗೆ ಹೊರಬರಲು ದಾರಿಯಿರುವುದಿಲ್ಲ; ಅದು ಒಳಗೇ ಉಬ್ಬಿ, ಪಾಕವನ್ನೂ ಹೊತ್ತುಕೊಂಡು ಪಟ್ಟೆಂದು ಎಗರುತ್ತದೆ. ಆ ಹೊತ್ತಿನಲ್ಲಿ ಪಳಗಿದ ಆಳುಗಳೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ನನ್ನ ಮುಂಗೈ ಮೇಲೆ ಅದರ ಗುರುತು ಇಂದಿಗೂ ಇದೆ.

ಶಿಲಾಪಾಕಕ್ಕೆ ಗಟ್ಟಿತನ ಕೊಡುವುದು ಸಿಲಿಕಾ, ಎಂದರೆ ಬೆಣಚುಕಲ್ಲಿನಲ್ಲಿರುವ ವಸ್ತು. ಹವಾಯಿಯ ಬಸಾಲ್ಟ್ ಪಾಕದಲ್ಲಿ ಸಿಲಿಕಾ ನೂರಕ್ಕೆ ಐವತ್ತರಷ್ಟಿರುತ್ತದೆ, ಶಾಖ 1,100 ಡಿಗ್ರಿ ದಾಟಿರುತ್ತದೆ. ಆದ್ದರಿಂದ ಅದು ತೆಳ್ಳಗೆ ಹರಿಯುತ್ತದೆ. ಸಿಲಿಕಾ ಎಪ್ಪತ್ತನ್ನು ಮೀರಿದ ಪಾಕ ಸಾಮಾನ್ಯವಾಗಿ ಅದಕ್ಕಿಂತ ನೂರಾರು ಡಿಗ್ರಿ ತಣ್ಣಗಿರುತ್ತದೆ, ಅಂಟಂಟಾಗಿರುತ್ತದೆ. ಆ ಪಾಕದೊಳಗೆ ನೀರಾವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್ ಕರಗಿಕೊಂಡಿರುತ್ತವೆ. ಆಳದಲ್ಲಿ ಒತ್ತಡವಿರುವಷ್ಟು ಕಾಲ ಅವು ಸುಮ್ಮನಿರುತ್ತವೆ. ಮೇಲೇರುತ್ತ ಒತ್ತಡ ಕಡಿಮೆಯಾದಾಗ ಗೋಲಿ ಸೋಡಾದ ಗೋಲಿ ಒತ್ತಿದಂತೆ ನೊರೆಯೇಳುತ್ತದೆ. ತೆಳ್ಳನೆಯ ಪಾಕದಲ್ಲಿ ಅನಿಲ ನುಸುಳಿ ಹೋಗುತ್ತದೆ, ಗಟ್ಟಿ ಪಾಕದಲ್ಲಿ ಅದು ಪಾಕವನ್ನೇ ಛಿದ್ರಗೊಳಿಸುತ್ತದೆ. ನಾವು ಬೂದಿ ಎನ್ನುವುದು ಹೀಗೆ ಪುಡಿಯಾದ ಶಿಲೆ ಮತ್ತು ಗಾಜಿನ ಚೂರು. ಒಲೆಯ ಬೂದಿಯಂತೆ ಏನನ್ನೋ ಸುಟ್ಟು ಉಳಿದದ್ದಲ್ಲ. ವಿಮಾನಗಳಿಗೆ ಅದು ಅಪಾಯಕಾರಿಯಾಗುವುದೂ ಇದೇ ಕಾರಣದಿಂದ: ಆ ಗಾಜು ಎಂಜಿನ್ನಿನೊಳಗೆ ಕರಗಿ, ತಣ್ಣನೆಯ ಭಾಗಗಳಿಗೆ ಅಂಟಿಕೊಳ್ಳುತ್ತದೆ. 1982ರಲ್ಲಿ ಜಾವಾದ ಗಲುಂಗುಂಗ್ ಸಿಡಿದಾಗ ಬೂದಿಯ ಮೋಡದೊಳಗೆ ಹೊಕ್ಕ ಜಂಬೊ ವಿಮಾನವೊಂದರ ನಾಲ್ಕೂ ಎಂಜಿನ್‌ಗಳು ನಿಂತುಹೋಗಿದ್ದವು. ಕೆಳಗಿಳಿದ ಮೇಲೆ ಅವು ಮತ್ತೆ ಚಾಲೂ ಆದದ್ದು ಪ್ರಯಾಣಿಕರ ಪುಣ್ಯ.

ರೈತನಾಗಿ ಮಣ್ಣಿನ ಬಗ್ಗೆ ಒಂದು ಮಾತು. ಹೊಸ ಬೂದಿ ಬಿದ್ದ ವರ್ಷ ಬೆಳೆ ಹಾಳಾಗುತ್ತದೆ, ದನಕರು ಮೇವಿಲ್ಲದೆ ಸಾಯುತ್ತವೆ. ಕಾಲಾಂತರದಲ್ಲಿ ಅದೇ ಬೂದಿ ಕೊಳೆತು ಪೊಟ್ಯಾಸಿಯಂ, ಕ್ಯಾಲ್ಸಿಯಂ, ರಂಜಕಗಳನ್ನು ಬಿಟ್ಟುಕೊಡುತ್ತ, ನೀರನ್ನು ಹಿಡಿದಿಟ್ಟುಕೊಳ್ಳುವ ಹಗುರ ಮಣ್ಣಾಗುತ್ತದೆ. ಜಾವಾ ದ್ವೀಪದಲ್ಲಿ ಅಷ್ಟೊಂದು ಜ್ವಾಲಾಮುಖಿಗಳಿದ್ದೂ ಅಷ್ಟೊಂದು ಜನ ನೆಲೆಸಿರುವುದು ಅಲ್ಲಿಯ ಭತ್ತ ಮತ್ತು ಕಬ್ಬಿನ ಮಣ್ಣನ್ನು ನಂಬಿಕೊಂಡು. ನಮ್ಮ ಅಜ್ಜಂದಿರು ಹಾಡಿ ಹೊಗಳುತ್ತಿದ್ದ ಕೋ 419 ಕಬ್ಬಿನ ಒಂದು ಕಡೆಯ ಪೀಳಿಗೆ ಆ ಜಾವಾದಲ್ಲಿ ಬೆಳೆಸಿದ ತಳಿಯದೇ. ನಮ್ಮ ರಾಜ್ಯದಲ್ಲಿ ಬಸಾಲ್ಟ್ ಕೊಳೆತು ಆದದ್ದು ಉತ್ತರದ ಎರೆಮಣ್ಣು. ನಮ್ಮ ಕೆಂಪು ಮಣ್ಣು ಗುರುಗಳು ಹೇಳಿದ ನೈಸ್ ಮತ್ತು ಗ್ರಾನೈಟ್‌ಗಳಿಂದ ಬಂದದ್ದು. ಎರೆಮಣ್ಣು ನೀರನ್ನು ಬಿಗಿಹಿಡಿಯುತ್ತದೆ, ನಮ್ಮದು ಬಸಿದು ಬಿಡುತ್ತದೆ. ಆದ್ದರಿಂದಲೇ ನಾಲೆ ನೀರು ಒಂದು ವಾರ ತಡವಾದರೂ ನಮ್ಮ ಎದೆ ಹೊಡೆದುಕೊಳ್ಳುತ್ತದೆ.

ಶಿಕ್ಷಕಿ, ಮಂಡ್ಯ ತಾಲ್ಲೂಕು

ಇಬ್ಬರಿಗೂ ಅನಂತ ವಂದನೆಗಳು. ಶಿಲಾಪಾಕ ಎಂಬ ಪದವನ್ನು ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ, ಆದರೆ ಅದರಲ್ಲಿರುವ ಪಾಕವೂ ನಮ್ಮ ಆಲೆಮನೆಯ ಪಾಕವೂ ಒಂದೇ ಎಂದು ಯೋಚಿಸಿರಲಿಲ್ಲ. ನನ್ನ ತರಗತಿಯ ಅರ್ಧದಷ್ಟು ಮಕ್ಕಳ ಮನೆಯವರು ಕಬ್ಬು ಬೆಳೆಯುತ್ತಾರೆ. ಇದನ್ನು ಅವರು ಮರೆಯುವುದಿಲ್ಲ. ನಾಲೆ ನೀರಿನ ಮಾತು ಬಂದದ್ದರಿಂದ ಮಳೆಯ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದೇನೆ. ಬೂದಿ ಕೆಲವು ದಿನಗಳಲ್ಲಿ ನೆಲಕ್ಕೆ ಬೀಳುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ವರ್ಷಗಟ್ಟಲೆ ಹವಾಮಾನ ಬದಲಾಗುವುದು ಯಾವುದರಿಂದ?

ಉತ್ತರ: ಹವಾಮಾನ ವಿಷಯದ ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಮೇಡಂ, ನೀವು ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದೀರಿ. ಬೂದಿಯ ಕಣ ಭಾರ, ಅದು ಬೇಗ ಇಳಿಯುತ್ತದೆ. ಹವಾಮಾನವನ್ನು ಬದಲಿಸುವುದು ಕಣ್ಣಿಗೆ ಕಾಣದ ಗಂಧಕದ ಡೈಆಕ್ಸೈಡ್. ಸಿಡಿತ ಬಲವಾಗಿದ್ದರೆ ಈ ಅನಿಲ ಮೋಡ ಮಳೆಗಳಿರುವ ಪದರವನ್ನು ದಾಟಿ ಸಮೋಷ್ಣ ಮಂಡಲಕ್ಕೆ ಏರುತ್ತದೆ, ಅಲ್ಲಿ ನೀರಾವಿಯೊಂದಿಗೆ ಸೇರಿ ಗಂಧಕಾಮ್ಲದ ಅತಿ ಸಣ್ಣ ಹನಿಗಳಾಗುತ್ತದೆ. ಅಲ್ಲಿ ಮಳೆಯಿಲ್ಲ, ತೊಳೆದು ಹಾಕುವವರಿಲ್ಲ. ಆ ಹನಿಗಳು ಒಂದೆರಡು ವರ್ಷ ಭೂಮಿಯನ್ನು ಸುತ್ತುತ್ತ, ಬಿಸಿಲಿನ ಒಂದು ಪಾಲನ್ನು ಹಿಂದಕ್ಕೆ ಕಳುಹಿಸುತ್ತವೆ.

1991ರ ಜೂನ್ 15ರಂದು ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದಾಗ ಇದನ್ನು ಉಪಗ್ರಹಗಳಿಂದ ನೇರವಾಗಿ ಅಳೆಯಲು ಸಾಧ್ಯವಾಯಿತು. ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಗಂಧಕದ ಡೈಆಕ್ಸೈಡ್ ಮೇಲಕ್ಕೆ ಹೋಯಿತು. ಮರುವರ್ಷ ಭೂಮಿಯ ಸರಾಸರಿ ಶಾಖ ಸುಮಾರು ಅರ್ಧ ಡಿಗ್ರಿ ಇಳಿಯಿತು. ಅರ್ಧ ಡಿಗ್ರಿ ಎಂದರೆ ಸಣ್ಣದೆಂದು ತೋರಬಹುದು. ಆದರೆ ನಮ್ಮ ಮುಂಗಾರು ನಿಂತಿರುವುದೇ ಬೇಸಿಗೆಯಲ್ಲಿ ನೆಲ ಕಡಲಿಗಿಂತ ಹೆಚ್ಚು ಕಾಯುವುದರ ಮೇಲೆ. ಬಿಸಿಲು ಕಡಿಮೆಯಾದಾಗ ನೆಲ ಕಡಲಿಗಿಂತ ಬೇಗ ತಣಿಯುತ್ತದೆ, ಎರಡರ ನಡುವಿನ ಅಂತರ ಕುಗ್ಗುತ್ತದೆ, ಕಡಲಿನಿಂದ ಒಳನಾಡಿಗೆ ಬರುವ ತೇವದ ಗಾಳಿ ದುರ್ಬಲವಾಗುತ್ತದೆ. ಕೊಡಗಿನಲ್ಲಿ ಮಳೆ ಬಿದ್ದರೆ ಮಾತ್ರ ಕನ್ನಂಬಾಡಿ ತುಂಬುವುದು ಎಂದು ಬಲ್ಲ ನಮ್ಮ ಜನಕ್ಕೆ ಇದರ ತೂಕವನ್ನು ನಾನು ವಿವರಿಸಬೇಕಾಗಿಲ್ಲ.

ಇತಿಹಾಸದಲ್ಲಿ ಇದರ ದೊಡ್ಡ ನಿದರ್ಶನ ತಂಬೋರಾ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದ ಕಾಲ, 1815ರ ಏಪ್ರಿಲ್. ಇಂಡೋನೇಷ್ಯಾದ ಸುಂಬಾವಾ ದ್ವೀಪದ ಈ ಬೆಟ್ಟ ಸಿಡಿದು, ಅದರಿಂದ ಮತ್ತು ಆಮೇಲಿನ ಹಸಿವು ರೋಗಗಳಿಂದ ಸುತ್ತಲಿನ ದ್ವೀಪಗಳಲ್ಲಿ ಹತ್ತಾರು ಸಾವಿರ ಜನ ಸತ್ತರು. ಮರುವರ್ಷ ಯುರೋಪ್ ಮತ್ತು ಉತ್ತರ ಅಮೆರಿಕದ ಈಶಾನ್ಯ ಭಾಗ ಬೇಸಿಗೆಯನ್ನೇ ಕಾಣಲಿಲ್ಲ. ಜೂನ್‌ನಲ್ಲಿ ಹಿಮ ಬಿತ್ತು, ಬೆಳೆ ಕೈಗೆ ಬರಲಿಲ್ಲ, ಧಾನ್ಯದ ಬೆಲೆ ಏರಿತು. ಭಾರತದಲ್ಲಿಯೂ 1816ರ ಮುಂಗಾರು ಏರುಪೇರಾಯಿತು. ಆ ದಿನಗಳಲ್ಲಿ ಈ ಸಂಕಟಕ್ಕೂ ದೂರದ ದ್ವೀಪವೊಂದರ ಬೆಟ್ಟಕ್ಕೂ ಸಂಬಂಧವಿದೆಯೆಂದು ಅನುಭವಿಸಿದವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಇದು ನನ್ನನ್ನು ಬಹಳವಾಗಿ ಕಾಡುವ ಸಂಗತಿ: ಮಳೆ ಕೈಕೊಟ್ಟಾಗ ತನ್ನದೇ ಏನೋ ತಪ್ಪಿರಬೇಕೆಂದು ಹರಕೆ ಹೊತ್ತ ರೈತ ಯಾವ ಊರಿನಲ್ಲಿಯೂ ಇದ್ದಿರಬಹುದು.

ಎಲ್ಲ ವಿನಾಶವೂ ಸಿಡಿತದಿಂದಲೇ ಬರುವುದಿಲ್ಲ. ಹೈದರಾಲಿ ತೀರಿಕೊಂಡ ಮರುವರ್ಷ, 1783ರ ಜೂನ್‌ನಲ್ಲಿ, ಐಸ್‌ಲ್ಯಾಂಡಿನ ಲಾಕಿ ಎಂಬಲ್ಲಿ ನೆಲವೇ ಉದ್ದಕ್ಕೆ ಬಿರುಕುಬಿಟ್ಟು ಎಂಟು ತಿಂಗಳ ಕಾಲ ಲಾವಾ ಹರಿಯಿತು. ಹರಿದದ್ದು ತೆಳ್ಳನೆಯ ಬಸಾಲ್ಟ್. ಆಲೆಮನೆಯವರು ಹೇಳಿದ ಲೆಕ್ಕದಲ್ಲಿ ಸೌಮ್ಯವಾದದ್ದು. ಆದರೆ ಅದರೊಡನೆ ಹೊರಬಂದ ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್ ಮತ್ತು ಫ್ಲೋರಿನ್ ಹುಲ್ಲುಗಾವಲುಗಳನ್ನು ವಿಷವಾಗಿಸಿದವು. ಕುರಿಗಳು, ದನಗಳು, ಕುದುರೆಗಳು ಸತ್ತವು, ಅನಂತರ ಬಂದ ಬರದಲ್ಲಿ ದ್ವೀಪದ ಐದನೆಯ ಒಂದು ಭಾಗಕ್ಕೂ ಹೆಚ್ಚು ಜನ ಅಳಿದರು.

ಇದಕ್ಕಿಂತಲೂ ಬಹಳ ದೊಡ್ಡದಾದ, ಸುಮಾರು 74,000 ವರ್ಷಗಳ ಹಿಂದಿನ ಸುಮಾತ್ರಾದ ಟೋಬಾ ಸಿಡಿತದ ಬೂದಿ ನಮ್ಮ ನೆರೆಯ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ (2022ರವರೆಗೆ ಕರ್ನೂಲು ಜಿಲ್ಲೆ) ಜ್ವಾಲಾಪುರದಲ್ಲಿ ಇಂದಿಗೂ ದಪ್ಪ ಪದರವಾಗಿ ಸಿಗುತ್ತದೆ. ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚು ದೂರ ಹಾರಿ ಬಂದ ಬೂದಿ ಅದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಇದ್ದ ತಂಡ ಅಲ್ಲಿ ಅಗೆದಾಗ ಬೂದಿಯ ಪದರದ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಉಪಕರಣಗಳು ದೊರೆತವು. ಆ ಸಿಡಿತದಿಂದ ಮನುಷ್ಯ ಕುಲವೇ ಅಳಿವಿನ ಅಂಚಿಗೆ ಹೋಗಿತ್ತು ಎಂಬ ವಾದವಿದೆ. ಕನಿಷ್ಠ ಈ ಕಣಿವೆಯ ಜನ ಅದನ್ನು ದಾಟಿ ಬದುಕಿದರೆಂಬುದಕ್ಕೆ ಆ ಕಲ್ಲುಗಳು ಆಧಾರ ಒದಗಿಸುತ್ತವೆ. ಜ್ವಾಲಾಪುರ ನಮ್ಮಿಂದ ಒಂದು ದಿನದ ದಾರಿ. ಅನುಕೂಲವಾದರೆ ಮುಂದಿನ ಪ್ರವಾಸವನ್ನು ಆ ಕಡೆಗೆ ಯೋಚಿಸಿ.

ಓದುಗರೊಬ್ಬರು, ಮದ್ದೂರು

ಒಂದು ಸಂದೇಹ. ಒಂದೇ ಜ್ವಾಲಾಮುಖಿ ಹೊರಬಿಡುವ ಇಂಗಾಲದ ಡೈಆಕ್ಸೈಡ್ ನಮ್ಮ ಎಲ್ಲ ವಾಹನ, ಕಾರ್ಖಾನೆಗಳು ಬಿಡುವುದಕ್ಕಿಂತ ಹೆಚ್ಚು, ಆದ್ದರಿಂದ ಭೂಮಿ ಬಿಸಿಯಾಗುವುದು ಮನುಷ್ಯರಿಂದಲ್ಲ ಎಂಬ ಬರಹ ನಮ್ಮ ಗುಂಪಿನಲ್ಲಿ ಪದೇ ಪದೇ ಬರುತ್ತಿದೆ. ಇದು ಎಷ್ಟರ ಮಟ್ಟಿಗೆ ಸರಿ?

ನಿವೃತ್ತ ಭೂವಿಜ್ಞಾನ ಅಧ್ಯಾಪಕ, ಮೈಸೂರು

ಸರಿಯಲ್ಲ ಸ್ವಾಮಿ. ಜಗತ್ತಿನ ಎಲ್ಲ ಜ್ವಾಲಾಮುಖಿಗಳು, ಸಾಗರದಡಿಯವೂ ಸೇರಿ, ಒಂದು ವರ್ಷದಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ ಮನುಷ್ಯರು ಬಿಡುವುದರ ನೂರರಲ್ಲಿ ಎರಡು ಪಾಲನ್ನೂ ಮುಟ್ಟುವುದಿಲ್ಲ. ದಯವಿಟ್ಟು ಆ ಬರಹವನ್ನು ಮುಂದಕ್ಕೆ ಕಳುಹಿಸಬೇಡಿ.

ಆದರೆ ಆ ಚಿಕ್ಕ ಪಾಲನ್ನು ಕೋಟ್ಯಂತರ ವರ್ಷಗಳ ಲೆಕ್ಕದಲ್ಲಿ ನೋಡಿದರೆ, ನಾವು ಬದುಕಿರುವುದೇ ಅದರಿಂದ. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಶಿಲೆಯನ್ನು ಕೊಳೆಯಿಸುತ್ತದೆ, ಅದರ ಕ್ಯಾಲ್ಸಿಯಂನೊಂದಿಗೆ ನದಿಗಳ ಮೂಲಕ ಕಡಲು ಸೇರಿ, ಚಿಪ್ಪುಗಳಾಗಿ, ಸುಣ್ಣಕಲ್ಲಾಗಿ ತಳದಲ್ಲಿ ಕೂರುತ್ತದೆ. ಚಾಮುಂಡಿ ಬೆಟ್ಟ ಸವೆಯುವಾಗಲೂ ಕಾವೇರಿಯಲ್ಲಿ ಇದೇ ನಡೆಯುತ್ತಿದೆ. ಇದು ಹೀಗೆಯೇ ಒಮ್ಮುಖವಾಗಿ ಸಾಗಿದ್ದರೆ ಗಾಳಿಯ ಇಂಗಾಲವೆಲ್ಲ ಕಲ್ಲಾಗಿ ಭೂಮಿ ಹೆಪ್ಪುಗಟ್ಟಬೇಕಾಗಿತ್ತು. ಫಲಕಗಳು ಆಳಕ್ಕೆ ಒಯ್ದ ಆ ಇಂಗಾಲವನ್ನು ಜ್ವಾಲಾಮುಖಿಗಳು ಮತ್ತೆ ಗಾಳಿಗೆ ತರುತ್ತವೆ. ಸುಮಾರು 70 ಕೋಟಿ ವರ್ಷಗಳ ಹಿಂದೆ ಭೂಮಿ ಬಹುತೇಕ ಪೂರ್ತಿ ಹಿಮದಿಂದ ಮುಚ್ಚಿಹೋಗಿದ್ದಾಗ ಅದನ್ನು ಬಿಡಿಸಿದ್ದು, ಲಕ್ಷಾಂತರ ವರ್ಷ ಸ್ವಲ್ಪ ಸ್ವಲ್ಪವೇ ಗಾಳಿಯಲ್ಲಿ ಶೇಖರವಾದ ಜ್ವಾಲಾಮುಖಿಗಳ ಇಂಗಾಲವೆಂದು ನಮ್ಮ ವಿಜ್ಞಾನಿಗಳು ತಿಳಿಯುತ್ತಾರೆ.

ವೇಗ ಮಿತಿ ಮೀರಿದಾಗ ಇದೇ ಅನಿಲ ಕೊಂದದ್ದೂ ಉಂಟು. ಸುಮಾರು 25.2 ಕೋಟಿ ವರ್ಷಗಳ ಹಿಂದೆ ಸೈಬೀರಿಯಾದಲ್ಲಿ ಲಾವಾ ಉಕ್ಕಿ, ದಾರಿಯಲ್ಲಿದ್ದ ಕಲ್ಲಿದ್ದಲನ್ನೂ ಸುಟ್ಟು, ಕಡಲನ್ನು ಬಿಸಿಯಾಗಿಸಿ ಹುಳಿಯಾಗಿಸಿತು. ಕಡಲ ಜೀವಿ ಪ್ರಭೇದಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಅಳಿದವು. ಜ್ವಾಲಾಮುಖಿಯಲ್ಲಿ ಯಾವುದೂ ಉರಿಯುವುದಿಲ್ಲ ಎಂದು ಮೊದಲು ಹೇಳಿದ್ದ ನಾನೇ ಇಲ್ಲಿ ಉರಿ ಎಂಬ ಪದವನ್ನು ಒಪ್ಪಿಕೊಳ್ಳಬೇಕಾಯಿತು: ಲಾವಾ ಉರಿಯುವುದಿಲ್ಲ, ಅದು ಮುಟ್ಟಿದ ಕಲ್ಲಿದ್ದಲು ಉರಿಯುತ್ತದೆ.

ಉತ್ತರ: ಸಿವಿಲ್ ಎಂಜಿನಿಯರ್, ಶ್ರೀರಂಗಪಟ್ಟಣ

ಕನ್ನಂಬಾಡಿಯ ಹೆಸರು ಬಂದದ್ದರಿಂದ ಒಂದು ಸಣ್ಣ ಸೇರ್ಪಡೆ. ರೋಮನ್ನರು ವೆಸೂವಿಯಸ್ ಬೆಟ್ಟದ ಬಳಿಯ ಪೊಟ್ಸುವೊಲಿ ಎಂಬ ಊರಿನ ಬೂದಿಯನ್ನು ಸುಣ್ಣಕ್ಕೆ ಬೆರೆಸಿ, ನೀರಿನೊಳಗೂ ಗಟ್ಟಿಯಾಗುವ ಗಾರೆ ಮಾಡುತ್ತಿದ್ದರು. ಬೂದಿ ಗಾಜಿನಂತಿರುವುದರಿಂದ ಅದರ ಸಿಲಿಕಾ ಸುಲಭವಾಗಿ ಸುಣ್ಣದೊಡನೆ ಸೇರುತ್ತದೆ. ನಮ್ಮಲ್ಲಿ ಅಂಥ ಬೂದಿಯಿಲ್ಲ. ಜೇಡಿಮಣ್ಣನ್ನು ಸುಟ್ಟು ಪುಡಿಮಾಡಿದ ಸುರ್ಕಿ ಅದೇ ಕೆಲಸ ಮಾಡುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ ಸುರ್ಕಿಯ ಗಾರೆ. ಜ್ವಾಲಾಮುಖಿ ಮಾಡಬೇಕಾದ ಕೆಲಸವನ್ನು ಇಲ್ಲಿ ಇಟ್ಟಿಗೆ ಗೂಡು ಮಾಡಿತು ಎನ್ನಬಹುದು.

ಶಿಕ್ಷಕಿ, ಮಂಡ್ಯ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಪಾಠ ಮಾಡಿದೆ. ಒಂದು ಪಾತ್ರೆಯಲ್ಲಿ ತಿಳಿ ಕಬ್ಬಿನ ಹಾಲು, ಇನ್ನೊಂದರಲ್ಲಿ ಇಂಗಿದ ಪಾಕ, ಎರಡನ್ನೂ ಬಿಸಿಯೂಟದ ಅಡುಗೆಮನೆಯಲ್ಲಿ ಅಕ್ಕನವರ ಸಹಾಯದಿಂದ ಕುದಿಸಿ, ಮಕ್ಕಳನ್ನು ಬಾಗಿಲಾಚೆ ನಿಲ್ಲಿಸಿ ತೋರಿಸಿದೆ. ಆ ಹುಡುಗ ಬೆಟ್ಟದಿಂದ ಸಣ್ಣದೊಂದು ಕಲ್ಲನ್ನು ಜೇಬಿನಲ್ಲಿ ತಂದಿದ್ದನೆಂದು ಆಗ ತಿಳಿಯಿತು. ಭೂತಗನ್ನಡಿಯಲ್ಲಿ ನೋಡಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಮೂರನ್ನೂ ತಾನೇ ಗುರುತಿಸಿದ. "ಹಂಗಾದ್ರೆ ಇದು ಮೇಲಕ್ಕೆ ಬರಕ್ಕಾಗದೆ ಒಳಗೇ ಆರಿದ್ದು ಅಲ್ವಾ ಮಿಸ್?" ಎಂದ. ಅನಂತರ ಅವನು ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಗುರುಗಳೇ ಹೇಳಬೇಕು: ಬೆಟ್ಟದ ಮೇಲಿದ್ದ ಶಿಲೆಯೆಲ್ಲ ಸವೆದು ಹೋಗಿದ್ದರೆ, ಆ ಮಣ್ಣು ಈಗ ಎಲ್ಲಿದೆ?

ನಿವೃತ್ತ ಭೂವಿಜ್ಞಾನ ಅಧ್ಯಾಪಕ, ಮೈಸೂರು

ಬಹುಪಾಲು ಮಣ್ಣನ್ನು ನದಿಗಳು ಕಡಲಿಗೆ ಒಯ್ದಿವೆ. ಇಂದಿಗೂ ಕಾವೇರಿ ತಂಜಾವೂರಿನ ಗದ್ದೆಗಳಿಗೂ ಬಂಗಾಳ ಕೊಲ್ಲಿಗೂ ನಮ್ಮ ಸೀಮೆಯ ಕಣಗಳನ್ನು ಹೊರುತ್ತಲೇ ಇದ್ದಾಳೆ. ಆ ಕೊಲ್ಲಿಯ ಪೂರ್ವದ ಅಂಚಿನಲ್ಲಿ, ಅಂಡಮಾನಿನ ಪಕ್ಕದಲ್ಲಿ, ಭಾರತದ ಫಲಕ ಆಳಕ್ಕೆ ಜಾರುತ್ತಿದೆ ಎಂಬುದನ್ನೂ ಅವನಿಗೆ ಹೇಳಿ, ನಕಾಶೆಯಲ್ಲಿ ಬ್ಯಾರನ್ ದ್ವೀಪವನ್ನು ಅವನೇ ಹುಡುಕಲಿ.